ಗ್ಯಾಸ್ ಹಾಕಿಸಿ ತಿಂಗಳಾಗಿಲ್ಲ, ಸಿಗ್ನಲ್‌ನಲ್ಲಿ ನಿಂತರೆ ಎಸಿ ಬೆಚ್ಚಗೆ. ಕಂಪ್ರೆಸರ್ ಹೋಗಿದೆಯಾ?

ಬೆಣ್ಣೆದೋಸೆ ಡ್ರೈವರ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೈವೇಯಲ್ಲಿ ಎಸಿಗೆ ತಕರಾರಿಲ್ಲ, ಚೆನ್ನಾಗಿಯೇ ತಣ್ಣಗೆ ಬರುತ್ತದೆ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತರೆ ಗಾಳಿ ಬೆಚ್ಚಗಾಗುತ್ತದೆ. ಗಾಡಿ ಮತ್ತೆ ಓಡಿದರೆ ಸರಿ.

ಪ್ರತಿ ಬೇಸಿಗೆ ಶುರುವಾಗುವಾಗ ಗ್ಯಾಸ್ ಹಾಕಿಸುತ್ತಿದ್ದೇನೆ. ಈ ಸಲವೂ ಯುಗಾದಿಗೆ ಮುಂಚೆ ಹಾಕಿಸಿದೆ. ಈಗ ಅದೇ ಅಂಗಡಿಯವರು ಗ್ಯಾಸ್ ಒತ್ತಿ ತಳ್ಳುವ ಕಂಪ್ರೆಸರ್ ವೀಕ್ ಆಗಿದೆ, ಬದಲಾಯಿಸಬೇಕು ಅನ್ನುತ್ತಿದ್ದಾರೆ. ಡ್ರೈಯರ್ (ಒಳಗಿನ ತೇವ ಹೀರುವ ಭಾಗ), ಗ್ಯಾಸ್, ಕೂಲಿ ಎಲ್ಲ ಸೇರಿ 24 ಸಾವಿರ. ದುಡ್ಡು ಕೊಡುವ ಮುಂಚೆ ಬಲ್ಲವರನ್ನು ಒಂದು ಮಾತು ಕೇಳೋಣ ಅನ್ನಿಸಿತು.

ಅರ್ಧ ಇಂಜಿನಿಯರ್

ಗ್ಯಾಸ್ ವರ್ಷಕ್ಕೊಮ್ಮೆ ಖಾಲಿ ಆಗುವುದು ಸಹಜ ಗುರೂ. ನಾನೂ ಪ್ರತಿ ವರ್ಷ ಟಾಪ್ ಅಪ್ ಮಾಡಿಸುತ್ತೇನೆ. ಇನ್ನೊಂದು ಸಲ ಸ್ವಲ್ಪ ಹಾಕಿಸಿ ನೋಡಿ.

ಸ್ಪ್ಯಾನರ್ ಸೆಟ್ (ಕಲಬುರಗಿ)

ದಯವಿಟ್ಟು ಹಾಕಿಸಬೇಡ್ರಿ. ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ, ಉರಿದು ಹೋಗುವುದಿಲ್ಲ. ಒಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ರಬ್ಬರ್ ಹೋಸ್‌ಗಳಲ್ಲಿ ಒಂದಿಷ್ಟು ಸೋರುವುದು ಎಲ್ಲ ಗಾಡಿಯಲ್ಲೂ ಇದೆ, ಅದು ಗೊತ್ತಾಗಲಿಕ್ಕೆ ಎಷ್ಟೋ ವರ್ಷ ಬೇಕು. ಒಂದೇ ವರ್ಷಕ್ಕೆ ಕೂಲಿಂಗ್ ಹೋಗುತ್ತದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಗ್ಯಾಸ್ ಹೊಡೆಯುವುದು ಅಂಗಡಿಯವರಿಗೆ ವರ್ಷವರ್ಷದ ವ್ಯಾಪಾರ, ಅಷ್ಟೇ.

ಬೆಣ್ಣೆದೋಸೆ ಸರ್, ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ತೊಂದರೆ ಇರುವ ಹಾಗೆ ಕಾಣುತ್ತದೆ. ಗ್ಯಾಸ್ ಸೋರುವುದು ಒಂದು. ನಿಂತಾಗ ಬೆಚ್ಚಗಾಗುವುದು ಇನ್ನೊಂದು. ಓಡುವಾಗ ತಣ್ಣಗೆ, ನಿಂತಾಗ ಬಿಸಿ ಅಂದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ ಫ್ಯಾನ್ ಮೇಲೆ. ಕಂಡೆನ್ಸರ್ ಅಂದರೆ ಮುಂದಿನ ಗ್ರಿಲ್ ಹಿಂದಿರುವ, ಗ್ಯಾಸಿನ ಶಾಖ ಹೊರಗೆ ಬಿಡುವ ಜಾಲರಿ. ಓಡುವಾಗ ಗಾಳಿ ತಾನೇ ನುಗ್ಗುತ್ತದೆ. ನಿಂತಾಗ ಫ್ಯಾನ್ ಬಿಟ್ಟರೆ ಬೇರೆ ಗತಿಯಿಲ್ಲ. ಎಸಿ ಹಾಕಿ ಬಾನೆಟ್ ತೆಗೆದು ನೋಡ್ರಿ: ಫ್ಯಾನ್ ತಿರುಗುತ್ತದಾ, ಜೋರಾಗಿ ತಿರುಗುತ್ತದಾ? ಸೋಮಾರಿಯಾಗಿ ತಿರುಗುವ ಫ್ಯಾನ್ ನೋಡಿ "ಫ್ಯಾನ್ ಓಕೆ" ಅನ್ನುವವರು ಬಹಳ ಜನ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಎಸಿ ಓಡುತ್ತಿರುವಾಗ ಮುಂದಿನ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಒಂದು ಬಕೆಟ್ ನೀರು ನಿಧಾನಕ್ಕೆ ಚಿಮುಕಿಸ್ರಿ. ಕೂಡಲೇ ಒಳಗೆ ತಣ್ಣಗಾಯಿತು ಅಂದರೆ ಕಂಪ್ರೆಸರ್ ಕೆಲಸ ಮಾಡುತ್ತಿದೆ, ಶಾಖ ಹೊರಗೆ ಹೋಗುತ್ತಿಲ್ಲ ಅಂತ ಅರ್ಥ.

ಕರಾವಳಿ ಕಾರು (ಮಂಗಳೂರು)

ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿ ಓದಿದ್ದಾರಾ ಅಂತ ಕೇಳಿ ಮಾರಾಯ್ರೆ. ಗೇಜ್ ಇಲ್ಲದೆ ಪೈಪ್ ಮುಟ್ಟಿ ನೋಡಿ ಕಂಪ್ರೆಸರ್ ಹೋಗಿದೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಬೆಣ್ಣೆದೋಸೆ ಡ್ರೈವರ್ (ದಾವಣಗೆರೆ)

ಗೇಜ್ ಹಾಕಿರಲಿಲ್ಲ. ಇವತ್ತು ಬೇರೆ ಕಡೆ ಹೋಗಿ ಹಾಕಿಸಿದೆ. ಹೊರಗೆ 36 ಡಿಗ್ರಿ ಇತ್ತು. ಇಂಜಿನ್ ಐಡಲ್‌ನಲ್ಲಿ ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) 55 ಪಿಎಸ್‌ಐ, ಹೈ ಸೈಡ್ (ಕಂಪ್ರೆಸರ್ ಒತ್ತಿ ಕಳಿಸುವ ಕಡೆ) 290. ಪಿಎಸ್‌ಐ ಅಂದರೆ ಒತ್ತಡದ ಅಳತೆ. ನಡುವಿನ ವೆಂಟ್‌ನಲ್ಲಿ ಥರ್ಮಾಮೀಟರ್ 20 ತೋರಿಸಿತು. ನೀರು ಹಾಕಿದ ಕೂಡಲೇ ಎರಡೂ ಮುಳ್ಳು ಕೆಳಗಿಳಿದವು, ಗಾಳಿ ತಣ್ಣಗಾಯಿತು. ಫ್ಯಾನ್ ತಿರುಗುತ್ತಿದೆ, ಆದರೆ ಜೋರಿಲ್ಲ.

ಸ್ಪ್ಯಾನರ್ ಸೆಟ್ (ಕಲಬುರಗಿ)

ಹಾಗಾದರೆ 24 ಸಾವಿರ ಜೇಬಲ್ಲೇ ಇರಲಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಮುಂದೆ ಬೇರೆಯವರಿಗೂ ಬೇಕಾಗುತ್ತದೆ.

ನಿಮ್ಮ ಗಾಡಿಯ ಗ್ಯಾಸ್ ಆರ್ 134ಎ. ಅದರ ಒತ್ತಡಕ್ಕೂ ಅದು ಕುದಿಯುವ ಉಷ್ಣತೆಗೂ ನೇರ ನಂಟು. ಲೋ ಸೈಡ್ 30 ಪಿಎಸ್‌ಐ ಇದ್ದರೆ ಡ್ಯಾಶ್‌ಬೋರ್ಡ್ ಹಿಂದೆ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್ ಒಳಗೆ ಗ್ಯಾಸ್ ಸುಮಾರು 1 ಡಿಗ್ರಿಯಲ್ಲಿ ಕುದಿಯುತ್ತಿದೆ ಅಂತ. ನಿಮ್ಮದು 55, ಅಂದರೆ ಹತ್ತಿರ ಹತ್ತಿರ 15 ಡಿಗ್ರಿ. ಕಾಯಿಲ್ಲೇ 15 ಇದ್ದರೆ ವೆಂಟ್‌ನಲ್ಲಿ 20 ಬಿಟ್ಟು ಇನ್ನೇನು ಬರುತ್ತದೆ? ಆ ಕಡೆ ಹೈ ಸೈಡ್ 290 ಅಂದರೆ ಕಂಡೆನ್ಸರ್ ಒಳಗೆ ಗ್ಯಾಸ್ ದ್ರವ ಆಗಲಿಕ್ಕೆ ಸುಮಾರು 70 ಡಿಗ್ರಿ ತನಕ ಬಿಸಿಯಾಗಬೇಕಾಗಿದೆ. 36 ಡಿಗ್ರಿ ದಿನಕ್ಕೆ ಹೈ ಸೈಡ್ 200ರಿಂದ 240ರ ಒಳಗಿದ್ದರೆ ಸರಿ.

ಎರಡೂ ಜಾಸ್ತಿ ಇದ್ದರೆ ಒಂದೋ ಕಂಡೆನ್ಸರ್‌ಗೆ ಗಾಳಿ ಸಾಲದು, ಇಲ್ಲಾ ಗ್ಯಾಸ್ ಜಾಸ್ತಿ ತುಂಬಿದ್ದಾರೆ. ಪೈಪ್‌ನಲ್ಲಿ ಗಾಳಿ ಸೇರಿದ್ದರೂ ಹೀಗೇ ತೋರಿಸುತ್ತದೆ. ನಿಮ್ಮಲ್ಲಿ ಮೊದಲಿನ ಎರಡೂ ಇರಬಹುದು.

ಕಂಪ್ರೆಸರ್ ನಿಜವಾಗಿ ಸೋತಿದ್ದರೆ ಗೇಜ್ ಬೇರೆ ಥರ ಇರುತ್ತದೆ. ಲೋ ಸೈಡ್ ಜಾಸ್ತಿ, ಹೈ ಸೈಡ್ ಕಡಿಮೆ, ಎರಡೂ ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ. ತಳ್ಳುವ ಶಕ್ತಿಯೇ ಇಲ್ಲ ಅಂದ ಮೇಲೆ 290 ಎಲ್ಲಿಂದ ಬರಬೇಕು?

ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಲೋ ಸೈಡ್ ಸೊನ್ನೆಗೆ ಅಥವಾ ಅದಕ್ಕೂ ಕೆಳಗೆ, ವ್ಯಾಕ್ಯೂಮ್‌ಗೆ ಇಳಿಯುತ್ತಿದ್ದರೆ ಕಾಯಿಲ್‌ಗೆ ಗ್ಯಾಸ್ ಬಿಡುವ ಸಣ್ಣ ಕಿಂಡಿ, ಅಂದರೆ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿದೆ, ಇಲ್ಲಾ ಒಳಗಿನ ತೇವ ಅಲ್ಲಿ ಐಸ್ ಆಗುತ್ತಿದೆ. ಐಸ್ ಆಗಿದ್ದರೆ ಎಸಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ, ಮತ್ತೆ ಕೆಡುತ್ತದೆ.

ಒಂದು ಮಾತು ಮರೆಯಬೇಡ್ರಿ. ಗಾಡಿ ಆಫ್ ಇದ್ದಾಗ ಗೇಜ್ ಹಾಕಿ "ಗ್ಯಾಸ್ ಫುಲ್ ಇದೆ" ಅಂದರೆ ನಂಬಬೇಡ್ರಿ. 30 ಡಿಗ್ರಿಯಲ್ಲಿ ಆಫ್ ಇರುವ ಗಾಡಿ ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 400 ಗ್ರಾಂ ಇದ್ದರೂ ಅಷ್ಟೇ. ಒಂದಿಷ್ಟು ದ್ರವ ಉಳಿದಿರುವ ತನಕ ಮುಳ್ಳು ಅಲ್ಲೇ ನಿಂತಿರುತ್ತದೆ. ಎಷ್ಟು ಗ್ಯಾಸ್ ಇದೆ ಅಂತ ತಿಳಿಯಲಿಕ್ಕೆ ಪೂರ್ತಿ ಹೊರಗೆ ತೆಗೆದು ತೂಗಬೇಕು, ಬೇರೆ ದಾರಿ ಇಲ್ಲ.

ಮಷೀನ್ ಇರುವ ಕಡೆ ಹೋಗ್ರಿ. ಹಳೆ ಗ್ಯಾಸ್ ಎಳೆದು ತೂಕ ನೋಡಿ, ಪಂಪ್‌ನಿಂದ ಒಳಗಿನ ಗಾಳಿ, ತೇವ ಎಳೆದು ವ್ಯಾಕ್ಯೂಮ್ ಮಾಡಿ, ಬಾನೆಟ್ ಒಳಗಿನ ಸ್ಟಿಕರ್‌ನಲ್ಲಿ ಬರೆದಷ್ಟೇ ಗ್ರಾಂ ಹಾಕಬೇಕು. ಸಣ್ಣ ಕಾರುಗಳಿಗೆ 300ರಿಂದ 500 ಗ್ರಾಂ ಒಳಗೇ ಬರುತ್ತದೆ. ಅಂದಾಜಲ್ಲಿ 100 ಗ್ರಾಂ ಜಾಸ್ತಿ ಹಾಕಿದರೂ ಕೂಲಿಂಗ್ ಕೆಡುತ್ತದೆ. ಗ್ಯಾಸ್ ಜಾಸ್ತಿ ಆದಷ್ಟೂ ತಂಪು ಜಾಸ್ತಿ ಅಂತ ಒಂದು ನಂಬಿಕೆ ಇದೆ. ಅದು ಎಷ್ಟು ಕಂಪ್ರೆಸರ್ ತಿಂದಿದೆಯೋ!

ಅರ್ಧ ಇಂಜಿನಿಯರ್

ಅಂದರೆ ನಾನು ವರ್ಷಾ ವರ್ಷ ಲೀಕ್‌ಗೆ ಬಾಡಿಗೆ ಕಟ್ಟುತ್ತಿದ್ದೇನಾ? 😀 ಸರಿ, ಲೀಕ್ ಹುಡುಕುವುದು ಹೇಗೆ ಅಂತಲೂ ಹೇಳಿಬಿಡಿ.

ಕರಾವಳಿ ಕಾರು (ಮಂಗಳೂರು)

ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಗ್ಯಾಸ್ ಜೊತೆ ಎಣ್ಣೆಯೂ ಸುತ್ತುತ್ತದೆ. ಹಾಗಾಗಿ ಗ್ಯಾಸ್ ಸೋರುವ ಜಾಗದಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಅಂಟಿರುತ್ತದೆ. ಮೊದಲು ಕಣ್ಣಲ್ಲೇ ನೋಡಿ: ಪೈಪ್ ಜಾಯಿಂಟ್‌ಗಳು, ಕಂಡೆನ್ಸರ್ ಕೆಳಗಿನ ಮೂಲೆ, ಕಂಪ್ರೆಸರ್ ಮುಂದಿನ ಶಾಫ್ಟ್ ಸೀಲ್. ಆಮೇಲೆ ಸೋಪಿನ ನೀರು. ಸಣ್ಣ ಲೀಕ್ ಆದರೆ ಯುವಿ ಡೈ (ಯುವಿ ಬೆಳಕಿಗೆ ಹೊಳೆಯುವ ಬಣ್ಣ) ಹಾಕಿಸಿ, ಕೆಲವು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಹಸಿರು ಹಳದಿಯಾಗಿ ಹೊಳೆಯುತ್ತದೆ.

ನಮ್ಮ ಕಡೆ ಉಪ್ಪುಗಾಳಿ. ಕಂಡೆನ್ಸರ್ ಮೊದಲು ತೂತಾಗುವುದು ಇಲ್ಲೇ. ಕೂಲಿಂಗ್ ಕಾಯಿಲ್ ಲೀಕ್ ಆದರೆ ಮಾತ್ರ ದೊಡ್ಡ ಕೆಲಸ. ಎಷ್ಟೋ ಗಾಡಿಯಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು. ಇಳಿಸಿ ಕೂರಿಸಿದ ಮೇಲೆ ಕಟಕಟ ಸದ್ದು ಜೀವನಪೂರ್ತಿ ಉಚಿತ.

ಸ್ಪ್ಯಾನರ್ ಸೆಟ್ (ಕಲಬುರಗಿ)

ಚೆನ್ನಾಗಿ ಹೇಳಿದ್ರಿ. ಒಂದು ಜಾಗ ಬಿಟ್ಟಿರಿ: ಗ್ಯಾಸ್ ಹಾಕುವ ಪೋರ್ಟ್. ಅದರೊಳಗೆ ಟೈರ್ ವಾಲ್ವ್‌ನಂಥದ್ದೇ ಒಂದು ಪಿನ್ ಇದೆ. ಪದೇ ಪದೇ ಗೇಜ್ ಹಾಕಿ ತೆಗೆದರೆ ಅದರ ರಬ್ಬರ್ ಸವೆಯುತ್ತದೆ. ಮೇಲಿನ ಕ್ಯಾಪ್ ಧೂಳಿಗೆ ಅಂತ ಜನ ತಿಳಿದಿದ್ದಾರೆ. ಅದರೊಳಗೂ ಓ ರಿಂಗ್ (ರಬ್ಬರ್ ಬಳೆ) ಇದೆ, ಅದೂ ಗ್ಯಾಸ್ ತಡೆಯುತ್ತದೆ. ಕ್ಯಾಪ್ ಇಲ್ಲದ ಗಾಡಿ ನನ್ನ ಹತ್ತಿರ ಬರುತ್ತಲೇ ಇರುತ್ತವೆ.

ಇನ್ನು, ಲೀಕ್ ಮುಚ್ಚುವ ದ್ರವ ಅಂತ ಸಣ್ಣ ಡಬ್ಬಿ ಮಾರುತ್ತಾರೆ. ಹತ್ತಿರಕ್ಕೂ ಹೋಗಬೇಡ್ರಿ. ಅದು ಎಕ್ಸ್‌ಪಾನ್ಷನ್ ವಾಲ್ವ್‌ಗೂ ಕೂರುತ್ತದೆ, ಅಂಗಡಿಯವರ ಮಷೀನ್ ಒಳಗೂ ಕೂರುತ್ತದೆ.

ಜಯನಗರ ಬಸ್ ಸ್ಟಾಪ್ (ಬೆಂಗಳೂರು)

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಕಾರಿನಲ್ಲಿ ಕೂಲಿಂಗ್ ಸರಿ ಇದೆ. ಆದರೆ ಎಸಿ ಹಾಕಿದ ಕೂಡಲೇ ಒದ್ದೆ ಬಟ್ಟೆಯ ವಾಸನೆ. ಎಡಗಡೆ ಸೀಟಿನವರ ಕಾಲ ಕೆಳಗೆ ಕಾರ್ಪೆಟ್ ಕೂಡ ಒದ್ದೆ. ಮಳೆ ನೀರು ಇರಬಹುದು ಅಂತ ಬಾಗಿಲ ರಬ್ಬರ್ ಬದಲಾಯಿಸಿದ್ದಾಯಿತು, ಏನೂ ಆಗಲಿಲ್ಲ.

ಇನ್ನೊಂದು ಪ್ರಶ್ನೆ. ನಮ್ಮ ಏರಿಯಾದ ಎಸಿ ಅಂಗಡಿಯಲ್ಲಿ ವ್ಯಾಕ್ಯೂಮ್ ಹಾಕಿದಾಗ ಗೇಜ್ 27ರ ಹತ್ತಿರವೇ ನಿಂತಿತ್ತು. 29 ಬರಬೇಕು ಅಂತ ಎಲ್ಲೋ ಓದಿದ್ದೆ. ಅವರು ಸರಿಯಾಗಿ ಮಾಡಲಿಲ್ಲವಾ?

ಸ್ಪ್ಯಾನರ್ ಸೆಟ್ (ಕಲಬುರಗಿ)

ಮೇಡಂ, ಅದು ಡ್ರೈನ್ ಪೈಪ್. ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ, ಒಂದು ರಬ್ಬರ್ ಪೈಪ್‌ನಲ್ಲಿ ಗಾಡಿ ಕೆಳಗೆ ಹೋಗಬೇಕು. ಎಸಿ ಹಾಕಿ ನಿಲ್ಲಿಸಿದಾಗ ಕೆಳಗೆ ನೀರು ತೊಟ್ಟಿಕ್ಕುತ್ತಿಲ್ಲ ಅಂದರೆ ಪೈಪ್ ಕಟ್ಟಿದೆ. ನೀರು ಒಳಗೇ ನಿಂತು ಕಾರ್ಪೆಟ್‌ಗೆ ಬರುತ್ತದೆ, ವಾಸನೆಗೂ ಅದೇ ಕಾರಣ. ಕೆಳಗಿನಿಂದ ಮೆಲ್ಲಗೆ ಗಾಳಿ ಹೊಡೆಸಿದರೆ ಸಾಕು. ಜೊತೆಗೆ ಕ್ಯಾಬಿನ್ ಫಿಲ್ಟರ್ ನೋಡ್ರಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ನೀವೇ ತೆಗೆಯಬಹುದು. ಮನೆ ಹತ್ತಿರ ಬಂದಾಗ ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಎರಡು ಮೂರು ನಿಮಿಷ ಓಡಿಸಿದರೆ ಕಾಯಿಲ್ ಒಣಗುತ್ತದೆ, ಬೂಸ್ಟು ಹಿಡಿಯುವುದು ಕಡಿಮೆ.

ವ್ಯಾಕ್ಯೂಮ್ ಬಗ್ಗೆ: ನಿಮ್ಮ ಅಂಗಡಿಯವರದ್ದು ತಪ್ಪಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸ. ಇರುವುದಕ್ಕಿಂತ ಜಾಸ್ತಿ ಎಳೆಯಲಿಕ್ಕೆ ಆಗುವುದಿಲ್ಲ. ಮಂಗಳೂರಲ್ಲಿ 29 ದಾಟುತ್ತದೆ, ಮಡಿಕೇರಿಯಲ್ಲಿ 26 ದಾಟಿದರೆ ಪುಣ್ಯ. ಮುಳ್ಳು ಎಲ್ಲಿ ನಿಂತಿತು ಅನ್ನುವುದಕ್ಕಿಂತ ಪಂಪ್ ಆಫ್ ಮಾಡಿದ ಮೇಲೆ ಅಲ್ಲೇ ನಿಂತಿದೆಯಾ ಅಂತ ನೋಡಬೇಕು. ಅರ್ಧ ಗಂಟೆ ಎಳೆದು, ಕಾಲು ಗಂಟೆ ಬಿಟ್ಟು ನೋಡಿದಾಗ ಅಲುಗಾಡಿರಬಾರದು. ಐದು ನಿಮಿಷ ಎಳೆದು ಗ್ಯಾಸ್ ತುಂಬಿದರೆ ಒಳಗಿನ ತೇವ ಹಾಗೇ ಉಳಿಯುತ್ತದೆ.

ಮರಳುಗಾಡಿನ ಕನ್ನಡಿಗ (ದುಬೈ)

ಇಲ್ಲಿ ಜುಲೈ, ಆಗಸ್ಟ್‌ನಲ್ಲಿ 45 ದಾಟುತ್ತದೆ, ಮೇಲೆ ಸಮುದ್ರದ ತೇವ ಬೇರೆ. ಎಸಿ ಇಲ್ಲದೆ ಕಾರು ಹತ್ತುವ ಮಾತೇ ಇಲ್ಲ. ಒಂದೆರಡು ಅಭ್ಯಾಸ ಹೇಳುತ್ತೇನೆ. ಬಿಸಿಲಲ್ಲಿ ನಿಂತ ಗಾಡಿ ಹತ್ತಿದ ಕೂಡಲೇ ಎಲ್ಲ ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿ. ಒಳಗಿನ ಕಾದ ಗಾಳಿ ಹೊರಗೆ ಹೋಗಲಿ, ಆಮೇಲೆ ಕಿಟಕಿ ಮುಚ್ಚಿ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಬಟನ್ ಹಾಕಿ. ಕಾದ ಹೊರಗಾಳಿಯನ್ನೇ ಎಳೆಯುತ್ತಾ ಕೂತರೆ ಎಂಥ ಎಸಿಯಾದರೂ ಸೋಲುತ್ತದೆ. ಊರಿಗೆ ಬಂದಾಗ ನೋಡುತ್ತೇನೆ, ನಮ್ಮಣ್ಣನ ಕಾರಿನಲ್ಲಿ ಆ ಬಟನ್ ಯಾವಾಗಲೂ ಹೊರಗಾಳಿಗೇ ಇರುತ್ತದೆ. ಫ್ರೆಶ್ ಏರ್ ಬೇಕಂತೆ, ಲಾರಿ ಹಿಂದೆ ಹೋಗುವಾಗಲೂ!

ಕಂಡೆನ್ಸರ್ ತೊಳೆಸುವಾಗ ಹುಷಾರು. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಅದರ ತೆಳು ತಗಡಿನ ಫಿನ್‌ಗಳು ಮಡಚಿ ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ಸಾದಾ ಪೈಪ್ ನೀರು ಸಾಕು, ಆಗುವುದಾದರೆ ಒಳಗಿನಿಂದ ಹೊರಕ್ಕೆ.

ಹತ್ತು ಚಕ್ರ (ಹೊಸಪೇಟೆ)

ಅದು ನಿಜ. ನಮ್ಮ ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು ಕಂಡೆನ್ಸರ್ ಮೇಲೆ ಕೂತು ನೀರು ಬಿದ್ದರೆ ಗಾರೆ ಹಾಗೆ ಗಟ್ಟಿಯಾಗುತ್ತದೆ. ಬರೇ ನೀರಿಗೆ ಹೋಗುವುದಿಲ್ಲ, ಮೆತ್ತನೆ ಬ್ರಷ್ ಬೇಕು.

ಲಾರಿಯವರ ಬಗ್ಗೆಯೂ ಒಂದು ಮಾತು. 2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸದಾಗಿ ತಯಾರಾಗುವ, 3.5 ಟನ್‌ಗಿಂತ ಜಾಸ್ತಿ ತೂಕದ ಸರಕು ಗಾಡಿಗಳಿಗೆಲ್ಲ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ. ಒಳ್ಳೆಯದೇ. ಮೇ ತಿಂಗಳಲ್ಲಿ ಇಂಜಿನ್ ಪಕ್ಕ ಕೂತು ಓಡಿಸಿದವರಿಗೆ ಗೊತ್ತು ಅದರ ಬೆಲೆ. ಆದರೆ ಹಳೇ ಗಾಡಿಗಳಿಗೆ ಇದು ಬರುವುದಿಲ್ಲ, ನಮಗೆ ಒದ್ದೆ ಟವೆಲೇ ಗತಿ.

ವೋಲ್ಟ್ ಗುರು (ಮೈಸೂರು)

ಎಲೆಕ್ಟ್ರಿಕ್ ಕಾರಿನವರು ಒಂದು ವಿಷಯ ತಿಳಿದಿರಿ. ಪೆಟ್ರೋಲ್ ಕಾರಿನ ಕಂಪ್ರೆಸರ್‌ಗೆ ಸಾಮಾನ್ಯವಾಗಿ ಪಿಎಜಿ ಅನ್ನುವ ಜಾತಿಯ ಎಣ್ಣೆ. ನಮ್ಮ ಗಾಡಿಗಳಲ್ಲಿ ಕಂಪ್ರೆಸರ್ ಒಳಗೇ ಹೈ ವೋಲ್ಟೇಜ್ ಮೋಟಾರ್ ಇರುತ್ತದೆ, ಕರೆಂಟ್ ಹರಿಯಲು ಬಿಡದ ಪಿಒಇ ಜಾತಿಯ ಎಣ್ಣೆ ಬೇಕು. ತಪ್ಪು ಎಣ್ಣೆ ಬೆರೆತರೆ ಇನ್ಸುಲೇಷನ್ ಕೆಟ್ಟು ಗಾಡಿ ಎರರ್ ತೋರಿಸಿ ಓಡುವುದನ್ನೇ ನಿಲ್ಲಿಸಬಹುದು. ಎಲ್ಲ ಗಾಡಿಗೂ ಒಂದೇ ಹೋಸ್ ಬಳಸುವ ಅಂಗಡಿಯಲ್ಲಿ ಹೋಸ್ ಒಳಗಿನ ಹಳೇ ಎಣ್ಣೆಯೇ ಅಪಾಯ. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ ತಂಪು ಮಾಡುವುದೂ ಇದೇ ಗ್ಯಾಸ್. ಕಿತ್ತಳೆ ಬಣ್ಣದ ವೈರ್ ಕಂಡಲ್ಲಿ ಕೈ ಹಾಕಬೇಡಿ.

ಅರ್ಧ ಇಂಜಿನಿಯರ್

ನಮ್ಮ ಏರಿಯಾದಲ್ಲಿ ಅರ್ಧ ಬೆಲೆಗೆ ಗ್ಯಾಸ್ ಹಾಕುತ್ತಾರೆ. ಕೂಲಿಂಗ್ ಸಕತ್ತಾಗಿದೆ ಅಂತ ಜನ ಹೋಗುತ್ತಾರೆ.

ಸ್ಪ್ಯಾನರ್ ಸೆಟ್ (ಕಲಬುರಗಿ)

ಅದು ಯಾವ ಗ್ಯಾಸ್ ಅಂತ ಕೇಳ್ರಿ. ಅಡುಗೆ ಗ್ಯಾಸ್ ಜಾತಿಯ ಹೈಡ್ರೋಕಾರ್ಬನ್ ಬೆರೆಸಿದ್ದನ್ನು ಮಾರುವವರಿದ್ದಾರೆ. ತಂಪು ನಿಜವಾಗಿಯೂ ಚೆನ್ನಾಗಿ ಕೊಡುತ್ತದೆ, ಸುಳ್ಳಲ್ಲ. ಆದರೆ ಕೂಲಿಂಗ್ ಕಾಯಿಲ್ ಲೀಕ್ ಆದರೆ ಆ ಗ್ಯಾಸ್ ಬರುವುದು ನೀವು ಕೂತಿರುವ ಕ್ಯಾಬಿನ್‌ಗೆ. ಒಳಗೆ ಯಾರಾದರೂ ಲೈಟರ್ ಹಚ್ಚಿದರೆ? ಸಿಲಿಂಡರ್ ಮೇಲೆ ಏನು ಬರೆದಿದೆ ನೋಡದೆ ಹಾಕಿಸಬೇಡ್ರಿ.

ಜಯನಗರ ಬಸ್ ಸ್ಟಾಪ್ (ಬೆಂಗಳೂರು)

ಡ್ರೈನ್ ಪೈಪ್ ಕೆಲಸ ಆಯಿತು! ಮಣ್ಣು, ಒಣಗಿದ ಎಲೆ ಎಲ್ಲ ಬಂತು, ಹಿಂದೆಯೇ ದಬದಬ ಅಂತ ನೀರು. ಫಿಲ್ಟರ್ ತೆಗೆದರೆ ಅದರ ಒಂದು ಮೂಲೆ ಇಲಿ ತಿಂದಿತ್ತು. ಇಲಿಗೆ ಏನು ಮಾಡುವುದು ಅಂತ ಬೇರೆ ಕಡೆ ಕೇಳುತ್ತೇನೆ, ಇಲ್ಲಿ ಬೇಡ. ಬಾನೆಟ್ ಒಳಗೆ ಹೊಗೆಸೊಪ್ಪು ಇಡಿ ಅಂತ ಹೇಳಲು ನಮ್ಮ ಮಾವನವರು ಈಗಾಗಲೇ ಇದ್ದಾರೆ.

ಬೆಣ್ಣೆದೋಸೆ ಡ್ರೈವರ್ (ದಾವಣಗೆರೆ)

ಕೆಲಸ ಮುಗಿಯಿತು, ವರದಿ ಒಪ್ಪಿಸುತ್ತೇನೆ.

ಮಷೀನ್‌ನಲ್ಲಿ ಗ್ಯಾಸ್ ಎಳೆದಾಗ 510 ಗ್ರಾಂ ಬಂತು. ಸ್ಟಿಕರ್‌ನಲ್ಲಿ ಇರುವುದು 390. ಫ್ಯಾನ್ ಮೋಟಾರ್ ಬ್ರಷ್ ಸವೆದಿತ್ತು, ಮೋಟಾರ್ ಹೊಸದು ಹಾಕಿದರು. ಹೈ ಸೈಡ್ ಪೋರ್ಟ್‌ಗೆ ಕ್ಯಾಪ್ ಇರಲಿಲ್ಲ, ಸೋಪಿನ ನೀರು ಹಾಕಿದರೆ ಸಣ್ಣ ಗುಳ್ಳೆ ಏಳುತ್ತಿತ್ತು. ಪಿನ್ ಬದಲಾಯಿಸಿ ಕ್ಯಾಪ್ ಹಾಕಿದರು. ಕಂಡೆನ್ಸರ್ ಜಾಯಿಂಟ್ ಒಂದರಲ್ಲಿ ಜಿಡ್ಡಿತ್ತು, ಅಲ್ಲಿಯ ಓ ರಿಂಗ್ ಕೂಡ ಹೊಸದು. ವ್ಯಾಕ್ಯೂಮ್ ನಿಂತಿತು. 390 ಗ್ರಾಂ ತೂಗಿ ಹಾಕಿದರು. ಡೈ ಕೂಡ ಸೇರಿಸಿದ್ದಾರೆ.

ಈಗ ಐಡಲ್‌ನಲ್ಲಿ 34 ಮತ್ತು 215, ವೆಂಟ್‌ನಲ್ಲಿ 9 ಡಿಗ್ರಿ. ಮೋಟಾರ್ ಸೇರಿ ಎಲ್ಲ ಏಳು ಸಾವಿರದೊಳಗೆ ಮುಗಿಯಿತು. ಸ್ಪ್ಯಾನರ್ ಸೆಟ್ ಅಣ್ಣಾ, ದಾವಣಗೆರೆ ಕಡೆ ಬಂದರೆ ದೋಸೆ ನನ್ನದು.

ಕರಾವಳಿ ಕಾರು (ಮಂಗಳೂರು)

ಒಳ್ಳೆಯದಾಯಿತು. ಆದರೆ ಇಡೀ ವರ್ಷದ ಲೀಕ್ ಆ ಪಿನ್ ಒಂದರದ್ದೇ ಅಂತ ನನಗೆ ಪೂರ್ತಿ ನಂಬಿಕೆ ಇಲ್ಲ.

ಸ್ಪ್ಯಾನರ್ ಸೆಟ್ (ಕಲಬುರಗಿ)

ನನಗೂ ಇಲ್ಲ. ಕಾಯಿಲ್‌ನಲ್ಲೂ ಸಣ್ಣದೊಂದು ಇದ್ದರೆ ಈಗಲೇ ಗೊತ್ತಾಗುವುದಿಲ್ಲ. ಅದಕ್ಕೇ ಡೈ ಹಾಕಿಸಿದ್ದು ಒಳ್ಳೆಯದಾಯಿತು. ದಸರಾ ಹೊತ್ತಿಗೆ ಒಮ್ಮೆ ಯುವಿ ಟಾರ್ಚ್ ಬಿಟ್ಟು ಜಾಯಿಂಟ್‌ಗಳನ್ನೂ, ಡ್ರೈನ್ ಪೈಪ್ ಬಾಯನ್ನೂ ನೋಡಿಸ್ರಿ. ಡ್ರೈನ್ ನೀರಲ್ಲಿ ಹಸಿರು ಹೊಳೆದರೆ ಕಾಯಿಲ್ ಸೋರುತ್ತಿದೆ ಅಂತ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸ್ರಿ. ಎಣ್ಣೆ ಸುತ್ತದಿದ್ದರೆ ಶಾಫ್ಟ್ ಸೀಲ್ ಒಣಗುತ್ತದೆ.

ದೋಸೆಗೆ ಬರುತ್ತೇನೆ, ಬೆಣ್ಣೆ ಮಾತ್ರ ತೂಗಿ ಹಾಕಬೇಡ್ರಿ.